ಮಲ್ಪೆ ಮನೆ ಗ್ಯಾರೇಜಿಗೆ ಚೈನ್ ಮೋಟರ್ ಬೇಡ ಸರ್

ಮಲ್ಪೆ ಮನೆ ಗ್ಯಾರೇಜ್ ಬಾಗಿಲು ತಾನಾಗೇ ತೆರೆಯೋಕೆ ಚೈನಿಂದ ಎಳೆಯೋ ಮೋಟರ್ರಾ ಬೆಲ್ಟಿಂದ ಎಳೆಯೋ ಮೋಟರ್ರಾ ಅಂತ ಕೇಳಿದ್ರಲ್ಲ, ಕಣ್ಮುಚ್ಕೊಂಡು ಬೆಲ್ಟ್ ತಗೊಳ್ಳಿ. ನಮ್ ಜಯನಗರದಲ್ಲಿ ಚೈನ್ ಓಕೆ, ಮಲ್ಪೆಯಲ್ಲಿ ಸಮುದ್ರದ ಉಪ್ಪು ಗಾಳಿಗೆ ಚೈನಿನ ಗ್ರೀಸ್ ಹೋದ ಕಡೆಯೆಲ್ಲ ತುಕ್ಕು ಹಿಡಿದು ಕರಕರ ಅನ್ನತ್ತೆ. ಆದ್ರೆ ಮೋಟರಿಗಿಂತ ಮುಂಚೆ ಕೈಕೊಡೋದು ಬಾಗಿಲಿನ ಸ್ಪ್ರಿಂಗು, ರೋಲರ್ರು, ಬೋಲ್ಟು. ಸ್ಪ್ರಿಂಗ್ ಗ್ಯಾಲ್ವನೈಸ್ಡ್ (ಸತುವಿನ ಲೇಪ ಇರೋದು) ಇರ್ಲಿ, ಬೋಲ್ಟೆಲ್ಲ 316 ಗ್ರೇಡ್ ಸ್ಟೇನ್‌ಲೆಸ್ ಕೇಳಿ, ಅಂಗಡಿಯವ್ರು 304 ಕೊಟ್ಟು ಎರಡೂ ಒಂದೇ ಅಂತಾರೆ, ಒಂದೇ ಅಲ್ಲ, 316ರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರೋದ್ರಿಂದ ಉಪ್ಪು ತಡ್ಕೊಳತ್ತೆ. ಮಳೆಗಾಲದಲ್ಲಿ ಕರೆಂಟ್ ಕತೆ ಗೊತ್ತಲ್ಲ, ಬ್ಯಾಟರಿ ಬ್ಯಾಕಪ್ ಇರ್ಲೇಬೇಕು, ಜೊತೆಗೆ ವೋಲ್ಟೇಜ್ ದಿಢೀರ್ ಏರಿದ್ರೆ ಕಾಪಾಡೋ ಸರ್ಜ್ ಪ್ರೊಟೆಕ್ಟರ್. ವೈಫೈ ಗಿಫೈ ಎಲ್ಲ ಆಮೇಲೆ. ಮತ್ತೆ ಉಡುಪಿಯಲ್ಲೇ ಸರ್ವಿಸ್‌ಗೆ ಬರೋರು ಇದಾರಾ ವಿಚಾರಿಸಿ, ಬೆಂಗಳೂರಿಂದ ಯಾವ ಮೆಕ್ಯಾನಿಕ್ಕೂ ಒಂದು ರೋಲರ್‌ಗೋಸ್ಕರ ಘಾಟಿ ಇಳ್ಯಲ್ಲ.