ಕೋರ್ಸಿನ ಸಂಖ್ಯೆ ನೋಡಿ ಮಟ್ಟ ಅಳೆಯಬೇಡಿ

ಅಮೆರಿಕದಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಂದಿರು ತಿಂಗಳು ತಿಂಗಳೂ ಕೇಳುವುದು ಇದೊಂದೇ ಪ್ರಶ್ನೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಎರಡನೇ ವರ್ಷದಲ್ಲಿದ್ದಾಳೆ. ಮೆಡಿಕಲ್ ಸ್ಕೂಲಿಗೆ ‘ಅಪ್ಪರ್ ಡಿವಿಷನ್’, ಅಂದರೆ ಪದವಿಯ ಕೊನೆಯ ವರ್ಷಗಳ ಮೇಲ್ಹಂತದ ವಿಜ್ಞಾನ ಬೇಕಂತೆ. ಅವಳ ಸಾವಯವ ರಸಾಯನಶಾಸ್ತ್ರದ ಸಂಖ್ಯೆ ಬರೀ 3ಎ. ಆಸ್ಟಿನ್‌ನಲ್ಲಿ ಓದುವ ನನ್ನ ತಮ್ಮನ ಮಗ ಮೊದಲ ವರ್ಷವೇ ಕೆಮಿಸ್ಟ್ರಿ 301 ಮುಗಿಸಿದ್ದಾನೆ. ಇವಳು ಹಿಂದೆ ಬಿದ್ದಳೇ?

ಉತ್ತರ: ಇಲ್ಲ ತಾಯಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಮೊದಲ ಅಂಕಿ ಕ್ರೆಡಿಟ್ ಗಂಟೆಗಳನ್ನು ಹೇಳುತ್ತದೆಯೇ ಹೊರತು ಮಟ್ಟವನ್ನಲ್ಲ. ಮಟ್ಟ ತಿಳಿಯುವುದು ಕೊನೆಯ ಎರಡು ಅಂಕಿಗಳಿಂದ: 01ರಿಂದ 19ರವರೆಗೆ ಕೆಳಹಂತ, 20ರಿಂದ 79ರವರೆಗೆ ಮೇಲ್ಹಂತ. ಆ ಹುಡುಗನ 301 ಮೂರು ಕ್ರೆಡಿಟ್‌ನ ಆರಂಭಿಕ ಪಾಠ, ಅಷ್ಟೇ. ಬರ್ಕ್ಲಿಯಲ್ಲಿ 1ರಿಂದ 99 ಕೆಳಹಂತ, 100ರಿಂದ 199 ಮೇಲ್ಹಂತ. ಫ್ಲೋರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕಂಕಿ. 3 ಅಥವಾ 4ರಿಂದ ಶುರುವಾದರೆ ಮೇಲ್ಹಂತ. ಬೇರೆ ಹಲವು ಕಡೆ 300, 400ರ ಸಾಲು ಮೇಲ್ಹಂತ. ಎರಡು ಊರಿನ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಮಕ್ಕಳನ್ನು ತೂಗುವುದನ್ನು ದಯವಿಟ್ಟು ನಿಲ್ಲಿಸಿ.

ನಿಮ್ಮ ಮಗಳ 3ಎ ಕೆಳಹಂತವೇ, ನಿಜ. ಅದೇ ಕ್ಯಾಂಪಸ್ಸಿನಲ್ಲಿ ರಸಾಯನಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದುವವರಿಗೆ ಹಿಂದೆ ಇದ್ದ ಸಾವಯವ ಕೋರ್ಸು 112ಎ, ಅದು ಮೇಲ್ಹಂತವಾಗಿತ್ತು; ಈಗ ಅದೇ ಪಾಠದ ಸಂಖ್ಯೆ 12ಎ, ಕೆಳಹಂತ. ವಿಷಯ ಒಂದೇ, ಹಂತ ಬೇರೆಯಾಯಿತು. ಹಾಗೆಂದು 3ಎ ವ್ಯರ್ಥವಾಗಲಿಲ್ಲ; ಮುಂದಿನ ಪಾಠಗಳಿಗೆ ಅದೇ ಬಾಗಿಲು. ಕೋರ್ಸಿನ ವಿವರಣೆಯಲ್ಲಿ ಸಂಖ್ಯೆಗಿಂತ ಮೊದಲು ಪೂರ್ವಾರ್ಹತೆಯ ಸಾಲನ್ನು ಓದಿ. ಬರ್ಕ್ಲಿಯ ಜೀವರಸಾಯನಶಾಸ್ತ್ರ 102ಕ್ಕೆ ಸಾವಯವ ರಸಾಯನಶಾಸ್ತ್ರ ಮೊದಲೇ ಮುಗಿದಿರಬೇಕು. ಇಂಥ ಅಡಿಪಾಯದ ಮೇಲೆ ನಿಂತದ್ದೇ ಮೇಲ್ಹಂತದ ವಿಜ್ಞಾನ: ಜೀವರಸಾಯನಶಾಸ್ತ್ರ, ತಳಿವಿಜ್ಞಾನ, ಕೋಶವಿಜ್ಞಾನ, ಶರೀರಕ್ರಿಯಾಶಾಸ್ತ್ರ, ರೋಗನಿರೋಧಶಾಸ್ತ್ರ. ನಿಮ್ಮ ಮಗಳು ಮೊದಲು ಜೀವರಸಾಯನಶಾಸ್ತ್ರ ತೆಗೆದುಕೊಳ್ಳಲಿ. 2015ರಿಂದ ಮೆಡಿಕಲ್ ಸ್ಕೂಲಿನ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲೂ ಅದು ಇದೆ.

ಸಂಖ್ಯೆ ದೊಡ್ಡದಿದ್ದರೂ ವಿಜ್ಞಾನದ ಇತಿಹಾಸ ವಿಜ್ಞಾನದ ಕೋರ್ಸಾಗುವುದಿಲ್ಲ. ಪ್ರಯೋಗಾಲಯದ ಸ್ವತಂತ್ರ ಸಂಶೋಧನೆಗೆ ಸಿಗುವ ಕ್ರೆಡಿಟ್ಟನ್ನೇ ನಂಬಿ ಕೂರಬೇಡಿ. ಕಡೆಗೆ ಒಪ್ಪುವುದೋ ಬಿಡುವುದೋ ಸೇರಿಸಿಕೊಳ್ಳುವ ಮೆಡಿಕಲ್ ಸ್ಕೂಲಿಗೆ ಬಿಟ್ಟದ್ದು. ಅನುಮಾನವಿದ್ದರೆ ಪಠ್ಯಕ್ರಮ ಲಗತ್ತಿಸಿ ಅವರಿಗೇ ಇಮೇಲ್ ಬರೆಯಲಿ, ಉತ್ತರವನ್ನು ಜೋಪಾನ ಮಾಡಲಿ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಕೋರ್ಸಿನ ಪಠ್ಯಕ್ರಮವನ್ನೂ ಉಳಿಸಿಕೊಳ್ಳಲು ಹೇಳುತ್ತೇನೆ. ಇದು ಅತಿ ಎಚ್ಚರಿಕೆ ಎನ್ನುವವರಿದ್ದಾರೆ, ನಾನಂತೂ ಬಿಡುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ‘ಸುಲಭ ಮೇಲ್ಹಂತದ ಕೋರ್ಸುಗಳ ಪಟ್ಟಿ’ಯನ್ನು ಮಾತ್ರ ಅಳಿಸಿಹಾಕಿ. ಯಾವ ಕಾಲೇಜಿನದು, ಯಾವ ವರ್ಷದ್ದು ಎಂಬುದೂ ಅದರಲ್ಲಿ ಇರುವುದಿಲ್ಲ.

ಪ್ರಶ್ನೆ: ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಜೀವಶಾಸ್ತ್ರದಲ್ಲಿ ಗರಿಷ್ಠ ಅಂಕ 5 ಬಂದಿದೆ. ಅದು ಮೇಲ್ಹಂತವಲ್ಲವೇ?

ಉತ್ತರ: ಅಲ್ಲ. ಹೆಚ್ಚೆಂದರೆ ಆರಂಭಿಕ ಕೋರ್ಸಿಗೆ ಬದಲಿ. ಹಾಗೆ ಆರಂಭಿಕ ಕೋರ್ಸನ್ನು ಬಿಟ್ಟವರು ಅದೇ ವಿಷಯದಲ್ಲಿ ಮೇಲ್ಹಂತದ ಕೋರ್ಸು ಓದಿರಬೇಕು ಎಂದು ಹಲವು ಮೆಡಿಕಲ್ ಸ್ಕೂಲುಗಳು ಕೇಳುತ್ತವೆ.

ಪ್ರಶ್ನೆ: ಮನಃಶಾಸ್ತ್ರದ ಮೇಲ್ಹಂತದ ಕೋರ್ಸು ವಿಜ್ಞಾನದ ಅಂಕಗಳ ಸರಾಸರಿಗೆ (ಜಿಪಿಎ) ಸೇರುತ್ತದೆಯೇ?

ಉತ್ತರ: ಮೆಡಿಕಲ್ ಸ್ಕೂಲುಗಳಿಗೆ ಹಾಕುವ ಸಾಮಾನ್ಯ ಅರ್ಜಿಯಾದ ಎಎಮ್‌ಸಿಎಎಸ್‌ನಲ್ಲಿ ಸೇರುವುದಿಲ್ಲ. ಅಲ್ಲಿ ಎಣಿಕೆಗೆ ಬರುವುದು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ. ಸಂಖ್ಯಾಶಾಸ್ತ್ರ ಗಣಿತದ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಎಲ್ಲ ವಿಷಯಗಳನ್ನೂ ಮೇಲ್ಹಂತವೆಂದು ಬರೆಸಿಕೊಡುತ್ತೇನೆಂದು ಸಲಹೆಗಾರರೊಬ್ಬರು ಹಣ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲ ಸೆಮಿಸ್ಟರಿನ ಪಾಠವನ್ನು ಯಾರೂ ಮೇಲ್ಹಂತ ಮಾಡಲಾರರು. ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯ ವಿದೇಶಿ ಪದವಿಗಳನ್ನು ಅಳೆಯುವ ಯಾವ ಮೌಲ್ಯಮಾಪನ ಸಂಸ್ಥೆಯನ್ನು ಒಪ್ಪುತ್ತದೆಂದು ಕೇಳಿ, ವಿಷಯವಾರು ವರದಿಯನ್ನು ಅಲ್ಲಿಂದ ನೀವೇ ತರಿಸಿಕೊಳ್ಳಿ.