ಅಂಗಡಿ ಕೊಳ್ಳುವ ಮುಂಚೆ ಉದ್ರಿ ಪುಸ್ತಕ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿಯವನು. ಪರಿಚಯದವರ ಹಾರ್ಡ್‌ವೇರ್ ಅಂಗಡಿಯನ್ನು 25 ಲಕ್ಷಕ್ಕೆ ಕೊಳ್ಳುವ ಮಾತಾಗಿದೆ. ಪೈಪು, ಮೋಟಾರು, ಟಾರ್ಪಾಲು, ಸ್ಪ್ರೇಯರ್ ವ್ಯಾಪಾರ. ಕೈಯಲ್ಲಿ 10 ಲಕ್ಷ ಇದೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ. ವರ್ಷಕ್ಕೆ 6 ಲಕ್ಷ ಲಾಭ ಅಂತಾರೆ. ಬೇರೆ ಆದಾಯ ಇಲ್ಲ. ಕಂತು, ತೆರಿಗೆ ಎರಡನ್ನೂ ಕಟ್ಟಿ ಮನೆ ನಡೆಸಬಹುದಾ?

ಉತ್ತರ: ಈಗಿನ ಲೆಕ್ಕದಲ್ಲಿ ಕಷ್ಟ. ಆದರೆ ಸಾಲದ ರೂಪ ಬದಲಿಸಿದರೆ ಆಗುತ್ತದೆ.

ಮಾರುವವರಿಗೆ ಸಾಲ ಇರಲಿಲ್ಲ ಅಂದರೆ ಆ 6 ಲಕ್ಷ ಬಡ್ಡಿ ಕಳೆಯದ ಲಾಭ. ನೀವು 15 ಲಕ್ಷವನ್ನು ಶೇ 11ರ ಬಡ್ಡಿಗೆ 5 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 32,600 ರೂಪಾಯಿ. ಮನೆಗೆ ಉಳಿಯುವುದು ತಿಂಗಳಿಗೆ 17 ಸಾವಿರ ಚಿಲ್ಲರೆ, ಅದೂ ಮಾರಿದ ದುಡ್ಡೆಲ್ಲ ಕೈಗೆ ಬಂದರೆ.

ಆದಾಯ ತೆರಿಗೆಗೆ ಹೆದರಬೇಡಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಲೆಕ್ಕದಲ್ಲಿ ಖರ್ಚು ಅಂತ ತೋರಿಸಲು ಬರುವುದು ಬಡ್ಡಿ ಮಾತ್ರ, ಅಸಲು ಅಲ್ಲ. ಮೊದಲ ವರ್ಷ ನೀವು ಕಟ್ಟುವ 3.91 ಲಕ್ಷದಲ್ಲಿ ಬಡ್ಡಿ ಸುಮಾರು 1.53 ಲಕ್ಷ ಅಷ್ಟೇ. ಹಾಗಾಗಿ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಾಣುವುದಿಲ್ಲ.

ನನಗೆ ನಿಜವಾದ ಚಿಂತೆ ಉದ್ರಿಯದು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಔಷಧಿ ಹೊಡೆಯಲು ಪೈಪು, ಸ್ಪ್ರೇಯರ್ ಒಯ್ಯುತ್ತಾರೆ. ದುಡ್ಡು ಕೇಳಿದರೆ "ಅಡಿಕೆ ಮಂಡಿಗೆ ಹೋಗ್ಲಿ, ಕೊಡ್ತೀವಿ" ಅಂತಾರೆ. ಅದು ಜನವರಿ, ಫೆಬ್ರುವರಿಯ ಮಾತು. ಅಡಿಕೆಗೆ ಕೊಳೆ ರೋಗ ಜಾಸ್ತಿ ಬಂದ ವರ್ಷ ಇನ್ನೂ ಮುಂದೆ ಹೋಗುತ್ತದೆ. ಜಿಎಸ್‌ಟಿ ಅಷ್ಟು ದಿನ ಕಾಯುವುದಿಲ್ಲ. ಬಿಲ್ ಹಾಕಿದ ತಿಂಗಳೇ ತೆರಿಗೆ ಲೆಕ್ಕಕ್ಕೆ ಬರುತ್ತದೆ, ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಗಿರಾಕಿ ಕೊಟ್ಟಿಲ್ಲ ಅಂದರೆ ಆ ದುಡ್ಡು ನಿಮ್ಮ ಜೇಬಿನಿಂದಲೇ. ನೀವೂ ಸರಕು ತಂದವರಿಗೆ 180 ದಿನದೊಳಗೆ ದುಡ್ಡು ಕೊಡದಿದ್ದರೆ, ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಅವರ ಬಿಲ್ಲಿನ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು.

ಆದ್ದರಿಂದ ಇರುವ 10 ಲಕ್ಷವನ್ನೂ ಖರೀದಿಗೆ ಸುರಿಯಬೇಡಿ. 3 ಲಕ್ಷವಾದರೂ ಕೈಯಲ್ಲಿರಲಿ. ಅಷ್ಟು ಮೊತ್ತವನ್ನು ಫೆಬ್ರುವರಿಯಲ್ಲಿ ಕೊಡುತ್ತೇನೆ ಅಂತ ಮಾರುವವರನ್ನು ಒಪ್ಪಿಸಿ, ಪತ್ರದಲ್ಲಿ ಬರೆಸಿ. ಸಾಲಕ್ಕೆ 7 ವರ್ಷ ಕೇಳಿ, ಕಂತು ಸುಮಾರು 25,700ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಉಸಿರಾಡಬಹುದು. ಸರಕಿನ ಮೇಲೆ ಓವರ್‌ಡ್ರಾಫ್ಟ್ (ಬೇಕಾದಾಗ ತೆಗೆದು, ದುಡ್ಡು ಬಂದಾಗ ತುಂಬುವ ಬ್ಯಾಂಕ್ ಸಾಲ) ಬೇರೆಯೇ ಮಾಡಿಸಿ. ಹಳೆಯ ಉದ್ರಿಯನ್ನು ಕೊಳ್ಳಬೇಡಿ, ವಸೂಲಿ ಅವರೇ ಮಾಡಿಕೊಳ್ಳಲಿ.

ನಡೆಯುತ್ತಿರುವ ಅಂಗಡಿಯನ್ನು ಇಡಿಯಾಗಿ ಕೊಂಡರೆ ಆ ಖರೀದಿಗೆ ಜಿಎಸ್‌ಟಿ ಇಲ್ಲ. ಆದರೆ ಅಂಗಡಿ ಕೈ ಬದಲಾಗುವವರೆಗಿನ ಅವರ ಜಿಎಸ್‌ಟಿ ಬಾಕಿಗೆ ಕಾನೂನಿನ ಪ್ರಕಾರ ನೀವೂ ಹೊಣೆ. ಪರಿಚಯದವರು ಅಂತ ಸಂಕೋಚ ಪಡಬೇಡಿ. ಮುಂಗಡ ಕೊಡುವ ಮುಂಚೆಯೇ ಅವರ ರಿಟರ್ನ್‌ಗಳನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ.