ಬ್ಯಾಕಪ್‌ಗೆ ಅಗ್ಗದ ಟೇಪ್ ಡ್ರೈವ್ ಯಾವುದು?

ಮದುವೆ ವಿಡಿಯೊ ಸ್ಟುಡಿಯೊ, ಹಳೇ ಫೂಟೇಜ್ ಸುಮಾರು 15 ಟಿಬಿ, ಕಡಿಮೆ ದುಡ್ಡಲ್ಲಿ ಯಾವ ಟೇಪ್ ಡ್ರೈವ್ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನಾದರೆ ಸೆಕೆಂಡ್ ಹ್ಯಾಂಡ್ ಎಲ್‌ಟಿಒ-6 ಹುಡುಕುತ್ತೇನೆ (ಎಲ್‌ಟಿಒ ಅಂದರೆ ಬ್ಯಾಕಪ್ ಟೇಪಿನ ಒಂದು ಮಾದರಿ, ಪಕ್ಕದ ಅಂಕಿ ಅದರ ತಲೆಮಾರು). ಹೊಸ ಎಲ್‌ಟಿಒ-9 ಕಡೆ ತಲೆ ಹಾಕಬೇಡಿ, ಆ ದುಡ್ಡಿಗೆ ಹಾರ್ಡ್‌ಡಿಸ್ಕ್‌ಗಳ ರಾಶಿಯೇ ಬರುತ್ತದೆ.

ಎಲ್‌ಟಿಒ-5 ಇನ್ನೂ ಅಗ್ಗ, ಆದರೆ ಒಂದು ಟೇಪಿಗೆ ಹಿಡಿಸುವುದು 1.5 ಟಿಬಿ. ಎಲ್‌ಟಿಒ-6 ಟೇಪಿಗೆ 2.5 ಟಿಬಿ, ಅಂದರೆ ನಿಮಗೆ ಏಳು ಟೇಪು ಸಾಕು. ಡಬ್ಬಿಯ ಮೇಲೆ 6.25 ಟಿಬಿ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಕಂಪ್ರೆಶನ್ ಸೇರಿಸಿದ ಲೆಕ್ಕ. ಕ್ಯಾಮೆರಾ ಫೈಲು ಮೊದಲೇ ಕಂಪ್ರೆಸ್ ಆಗಿರುವುದರಿಂದ ನಿಮಗೆ ಅದರ ಪ್ರಯೋಜನವಿಲ್ಲ. ಈ ಡ್ರೈವ್ ಎಲ್‌ಟಿಒ-5 ಟೇಪಿಗೂ ಬರೆಯುತ್ತದೆ, ಎಲ್‌ಟಿಒ-4 ಟೇಪನ್ನು ಓದುತ್ತದೆ. ಮುಂದೆ ಎಲ್‌ಟಿಒ-8ಕ್ಕೆ ಹೋದರೆ ಮಾತ್ರ ಜೋಪಾನ, ಅದು 6ರ ಟೇಪನ್ನು ಓದುವುದೇ ಇಲ್ಲ.

ಕೊಳ್ಳುವಾಗ ಎಸ್‌ಎಎಸ್ (ಡಿಸ್ಕು, ಟೇಪ್ ಡ್ರೈವ್‌ಗಳನ್ನು ಜೋಡಿಸುವ ಒಂದು ಬಗೆ) ಕನೆಕ್ಷನ್‌ನ, ತನ್ನದೇ ಪವರ್ ಸಪ್ಲೈ ಇರುವ ಎಕ್ಸ್‌ಟರ್ನಲ್ ಡ್ರೈವನ್ನೇ ಕೇಳಿ. ತೀರಾ ಅಗ್ಗಕ್ಕೆ ಕಾಣುವುದು ಬಹುಪಾಲು ಫೈಬರ್ ಚಾನೆಲ್ ಎಂಬ, ದೊಡ್ಡ ಸರ್ವರ್‌ಗಳ ಕನೆಕ್ಷನ್‌ನದು, ಇಲ್ಲವೇ ಡೇಟಾ ಸೆಂಟರ್‌ನ ಟೇಪ್ ಲೈಬ್ರರಿಯಿಂದ (ಟೇಪುಗಳನ್ನು ತಾನೇ ಬದಲಿಸುವ ಯಂತ್ರ) ಕಿತ್ತದ್ದು. ಅದರ ಹಿಂದೆ ಬಿದ್ದರೆ ಉಳಿಸಿದ ದುಡ್ಡೆಲ್ಲ ಕಾರ್ಡು, ಕೇಬಲ್ಲು, ತಲೆನೋವಿಗೇ ಹೋಗುತ್ತದೆ. ಕಂಪ್ಯೂಟರಿಗೆ ಸಾದಾ ಎಸ್‌ಎಎಸ್ ಎಚ್‌ಬಿಎ ಕಾರ್ಡ್ (ಡ್ರೈವನ್ನು ನೇರ ಕಂಪ್ಯೂಟರಿಗೆ ಜೋಡಿಸುವ ಕಾರ್ಡು) ಹಾಕಿ. ಹಲವು ಡಿಸ್ಕುಗಳನ್ನು ಒಂದಾಗಿಸುವ ಎಷ್ಟೋ ರೇಡ್ ಕಾರ್ಡುಗಳಿಗೆ ಟೇಪ್ ಡ್ರೈವ್ ಕಾಣಿಸುವುದೇ ಇಲ್ಲ.

ಇನ್ನು ವೇಗ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್‌ಟಿಒ-6 ಸೆಕೆಂಡಿಗೆ 160 ಎಂಬಿ ನುಂಗುತ್ತದೆ. ಗಿಗಾಬಿಟ್ ನೆಟ್‌ವರ್ಕ್ ಕೊಡುವುದೇ 110ರ ಆಸುಪಾಸು, ಸಾವಿರಾರು ಚಿಕ್ಕ ಫೋಟೊ ಫೈಲುಗಳಿದ್ದರೆ ಅದೂ ಇಲ್ಲ. ಡ್ರೈವ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ನಿಜ. ಆದರೆ ಅದಕ್ಕೂ ಒಂದು ಮಿತಿ ಉಂಟು. ಡೇಟಾ ಅದಕ್ಕಿಂತ ನಿಧಾನವಾಗಿ ಬಂದರೆ ಟೇಪು ನಿಂತು, ಹಿಂದೆ ಸುತ್ತಿ, ಮತ್ತೆ ಓಡುತ್ತದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಹೀಗೇ ನಡೆದರೆ ಹೆಡ್ಡೂ ಟೇಪೂ ಸವೆಯುತ್ತವೆ. ಹಾಗಾಗಿ ಫೈಲುಗಳನ್ನು ಮೊದಲು ಎಸ್‌ಎಸ್‌ಡಿಗೆ ತಂದು, ಅಲ್ಲಿಂದ ಟೇಪಿಗೆ ಹಾಕಿ. ಎಲ್‌ಟಿಎಫ್‌ಎಸ್ ಎಂಬ ಟೇಪಿನ ಫೈಲ್ ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಟೇಪಿನಲ್ಲಿರುವುದು ಫೋಲ್ಡರ್‌ಗಳಾಗಿಯೇ ಕಾಣುತ್ತವೆ.

ಹಳೇ ಟೇಪು ತಗೊಳ್ಳುವಾಗ "ಡೀಗಾಸ್ ಮಾಡಿದ್ದೇವೆ, ಪೂರ್ತಿ ಕ್ಲೀನ್" ಅಂದರೆ ಅದನ್ನು ಮುಟ್ಟಬೇಡಿ. ಡೀಗಾಸ್ ಅಂದರೆ ಬಲವಾದ ಅಯಸ್ಕಾಂತದಿಂದ ಅಳಿಸುವುದು. ಹೆಡ್ಡಿಗೆ ದಾರಿ ತೋರಿಸಲು ಕಾರ್ಖಾನೆಯಲ್ಲಿ ಬರೆದಿದ್ದ ಸರ್ವೊ ಗುರುತುಗಳೂ ಡೇಟಾ ಜೊತೆ ಅಳಿಸಿಹೋಗಿರುತ್ತವೆ. ಯಾವ ಡ್ರೈವಿನಲ್ಲೂ ಅಂಥ ಟೇಪು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಡ್ರೈವ್ ಆನ್ ಆಗಿ ಹಸಿರು ದೀಪ ಹತ್ತಿತು ಅಂತ ದುಡ್ಡು ಎಣಿಸಬೇಡಿ. ಒಂದು ಟೇಪನ್ನು ಪೂರ್ತಿ ಬರೆದು, ಪೂರ್ತಿ ವಾಪಸ್ ಓದಿಸಿ, ಚೆಕ್‌ಸಮ್ (ಫೈಲಿನಿಂದ ಲೆಕ್ಕಹಾಕಿದ, ಬದಲಾವಣೆ ಹಿಡಿಯುವ ಸಂಖ್ಯೆ) ತಾಳೆ ನೋಡಿ. ಬರೆಯುವುದಕ್ಕೇ ನಾಲ್ಕು ಗಂಟೆ ದಾಟುತ್ತದೆ, ಓದುವುದಕ್ಕೂ ಅಷ್ಟೇ. ಅಷ್ಟು ಹೊತ್ತು ಕೂರಲು ಮಾರುವವರು ಒಪ್ಪದಿದ್ದರೆ ವಾರದ ರಿಟರ್ನ್ ಆದರೂ ಬರೆಸಿಕೊಳ್ಳಿ.